ಈಸ್ಟ್ರೋಜನ್ ಹದ ತಪ್ಪದಂತೆ ನೋಡಿಕೊಳ್ಳುವುದು: ಮಲೆನಾಡಿನ ಮಹಿಳೆಯರಿಗೊಂದು ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯೊಂದರಲ್ಲಿ ಸರದಿಗಾಗಿ ಕಾಯುತ್ತಿದ್ದಾಗ, ನನ್ನ ಮುಂದೆ ನಿಂತಿದ್ದ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು "ಈಸ್ಟ್ರೋಜನ್ ಜಾಸ್ತಿ ಮಾಡೋ ಪುಡಿ ಏನಾದರೂ ಉಂಟಾ ಅಣ್ಣಾ?" ಎಂದು ಕೇಳಿದರು. ಅಂಗಡಿಯವರು ಶತಾವರಿ ಪುಡಿಯ ಡಬ್ಬಿಯೊಂದನ್ನು ತೆಗೆದಿಟ್ಟರು. ಪಕ್ಕದಲ್ಲಿದ್ದ ಕಾಲೇಜು ವಯಸ್ಸಿನ ಹುಡುಗಿ, ತನಗೆ ಪಿಸಿಒಡಿ (ಮುಟ್ಟನ್ನು ಏರುಪೇರು ಮಾಡುವ ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯೆಂದು ಹೇಳಿ, ಅದೇ ಡಬ್ಬಿಯನ್ನು ತಾನೂ ಕೊಂಡಳು. ಮೊದಲಿನವರ ದೇಹದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತಿರುವ ಕಾಲ. ಆ ಹುಡುಗಿಯ ದೇಹದಲ್ಲಿ ಬಹುಶಃ ಅಂಡ ಬಿಡುಗಡೆಯಾಗದೆ, ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ತಯಾರಾಗದೆ, ಈಸ್ಟ್ರೋಜನ್ ಒಂದೇ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಿರುವ ಸ್ಥಿತಿ. ಇಬ್ಬರಿಗೂ ಒಂದೇ ಡಬ್ಬಿ ಹೇಗೆ ಹೊಂದೀತು?

ಈಸ್ಟ್ರೋಜನ್ನನ್ನು ಹೆಚ್ಚಿಸಬೇಕು ಅಥವಾ ತಗ್ಗಿಸಬೇಕು ಎಂದು ಹೊರಡುವುದಕ್ಕೆ ಮೊದಲು, ಆಯಾ ವಯಸ್ಸಿಗೆ ತಕ್ಕ ಹದವೇನು ಎಂಬುದನ್ನು ತಿಳಿದುಕೊಳ್ಳಬೇಕು ಎಂಬ ನಂಬಿಕೆಯಿಂದ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಈ ಹಾರ್ಮೋನಿನ ಪ್ರಮಾಣವನ್ನು ಮೆದುಳು ಮತ್ತು ಅಂಡಾಶಯಗಳು ತಮ್ಮೊಳಗೆ ಮಾತಾಡಿಕೊಂಡು ನಿರ್ಧರಿಸುತ್ತವೆ. ಊಟ, ನಿದ್ರೆ, ನಡಿಗೆಗಳಿಂದ ನಾವು ಮಾಡಬಹುದಾದದ್ದು ಆ ಮಾತುಕತೆಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು, ಬಳಕೆಯಾದ ಹಾರ್ಮೋನು ದೇಹದಿಂದ ಸರಿಯಾಗಿ ಹೊರಹೋಗುವಂತೆ ಮಾಡುವುದು ಮತ್ತು ಮುಟ್ಟು ನಿಂತ ಮೇಲೆ, ಅದುವರೆಗೆ ಈಸ್ಟ್ರೋಜನ್ ಕಾಪಾಡಿಕೊಂಡು ಬಂದಿದ್ದ ಮೂಳೆ ಮತ್ತು ಹೃದಯಗಳನ್ನು ಬೇರೆ ದಾರಿಯಿಂದ ಕಾಪಾಡುವುದು.

ಮೊದಲ ಹೆಜ್ಜೆ: ನೀವು ಯಾವ ಹಂತದಲ್ಲಿದ್ದೀರಿ ಎಂದು ಗುರುತಿಸಿಕೊಳ್ಳಿ

ಇದಕ್ಕೆ ಬೇಕಾದದ್ದು ಗೋಡೆಯ ಕ್ಯಾಲೆಂಡರ್ ಮತ್ತು ಒಂದು ಪೆನ್ಸಿಲ್. ಮುಟ್ಟು ಶುರುವಾದ ದಿನ, ನಿಂತ ದಿನ, ಸ್ರಾವ ಹೆಚ್ಚೋ ಕಡಿಮೆಯೋ ಎಂಬುದನ್ನು ಕನಿಷ್ಠ ಮೂರು ತಿಂಗಳು ಗುರುತು ಹಾಕಿಕೊಳ್ಳಬೇಕು. ವಯಸ್ಕ ಮಹಿಳೆಯರಲ್ಲಿ 21ರಿಂದ 35 ದಿನಗಳ ಚಕ್ರ ಸಹಜ. ಚಕ್ರ ನಿಯಮಿತವಾಗಿ ಬರುತ್ತಿದ್ದರೆ, ಈಸ್ಟ್ರೋಜನ್ ತನ್ನ ಕೆಲಸವನ್ನು ಮಾಡುತ್ತಿದೆ ಎನ್ನುವುದಕ್ಕೆ ಬಹುಮಟ್ಟಿಗೆ ಅದೇ ಸಾಕ್ಷಿ. ಪ್ರಯೋಗಾಲಯದ ಚೀಟಿಗಿಂತ ಎಷ್ಟೋ ಸಲ ಒಳ್ಳೆಯ ಸಾಕ್ಷಿ.

ನಲವತ್ತು ದಾಟಿದ ಮೇಲೆ ಚಕ್ರ ಹಿಂದುಮುಂದಾಗುವುದು, ಒಮ್ಮೆಲೇ ಮೈಗೆ ಬಿಸಿಯೇರಿ ಬೆವರುವುದು, ರಾತ್ರಿ ಎಚ್ಚರವಾಗುವುದು, ಯೋನಿಯ ಒಣಗುವಿಕೆ, ಪದೇ ಪದೇ ಮೂತ್ರದ ಉರಿ, ಕಾರಣವಿಲ್ಲದ ಸಿಡುಕು, ಕೀಲುನೋವು ಇವೆಲ್ಲ ಋತುಬಂಧದತ್ತ ಸಾಗುವ ಹಾದಿಯ ಲಕ್ಷಣಗಳು. ನಮ್ಮಲ್ಲಿ ಇದಕ್ಕೆಲ್ಲ "ಉಷ್ಣ ಆಗಿದೆ" ಎಂಬ ಒಂದೇ ಹೆಸರಿಟ್ಟು, ಕೊತ್ತಂಬರಿ ನೀರು, ಜೀರಿಗೆ ಕಷಾಯ, ಎಳನೀರು ಎಂದು ವರ್ಷ ಕಳೆಯುವ ರೂಢಿಯಿದೆ. ಅವುಗಳಿಂದ ಕೆಡುಕೇನೂ ಇಲ್ಲ, ಆದರೆ ಏನಾಗುತ್ತಿದೆ ಎಂಬ ತಿಳಿವಳಿಕೆ ತಡವಾಗುತ್ತದೆ. ಹೊರಗಾಗುವುದು ನಿಂತು ಪೂರ್ತಿ 12 ತಿಂಗಳು ಕಳೆದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಮಹಿಳೆಯರಲ್ಲಿ ಇದು ಸರಾಸರಿ 46–47ರ ವಯಸ್ಸಿಗೆ, ಎಂದರೆ ಪಾಶ್ಚಾತ್ಯ ದೇಶಗಳ 51ಕ್ಕಿಂತ ಸಾಕಷ್ಟು ಮೊದಲೇ ಬರುತ್ತದೆ.

ರಕ್ತಪರೀಕ್ಷೆಯ ಬಗ್ಗೆ ಒಂದು ಮಾತು. ಎಸ್ಟ್ರಾಡಿಯಾಲ್ ಎಂಬ ಮುಖ್ಯ ಈಸ್ಟ್ರೋಜನ್ ಒಂದೇ ತಿಂಗಳೊಳಗೆ ಹಲವು ಪಟ್ಟು ಏರಿಳಿಯುತ್ತದೆ. ಅಂಡ ಬಿಡುಗಡೆಗೆ ಮುನ್ನ ಅದು ಮಿಲಿಲೀಟರಿಗೆ 200ರಿಂದ 400 ಪಿಕೋಗ್ರಾಂವರೆಗೆ ಹೋಗಬಹುದು. ಋತುಬಂಧದ ನಂತರ ಸಾಮಾನ್ಯವಾಗಿ 30ಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ಯಾವುದೋ ಒಂದು ದಿನ ಮಾಡಿಸಿದ ಪರೀಕ್ಷೆಯ ಅಂಕಿಯನ್ನು ನೋಡಿ ಗಾಬರಿಯಾಗಬಾರದು. ಇನ್ನೂ ಮುಟ್ಟು ಬರುತ್ತಿರುವವರು ವೈದ್ಯರ ಸಲಹೆಯ ಮೇರೆಗೆ ಪರೀಕ್ಷೆ ಮಾಡಿಸುವುದಾದರೆ ಸಾಧಾರಣವಾಗಿ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನವನ್ನು ಆರಿಸುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಈ ಪರೀಕ್ಷೆಗೆ ಅರ್ಥವಿಲ್ಲ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಪರೀಕ್ಷೆಗೆ ಮೊದಲೇ ತಿಳಿಸಬೇಕು, ಏಕೆಂದರೆ ಅದು ಹಾರ್ಮೋನ್ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು. 45 ದಾಟಿ ಲಕ್ಷಣಗಳು ಸ್ಪಷ್ಟವಾಗಿದ್ದವರಿಗೆ ಹಾರ್ಮೋನ್ ಪರೀಕ್ಷೆಯೇ ಬೇಕಾಗುವುದಿಲ್ಲ. ಥೈರಾಯ್ಡ್ ಪರೀಕ್ಷೆಯನ್ನು ಮಾತ್ರ ಬಿಡಬಾರದು. ಚಿಕ್ಕಮಗಳೂರಿನಂತಹ ಮಲೆನಾಡಿನ ಜಿಲ್ಲೆಗಳಲ್ಲಿ ಗಳಗಂಡ ಹಿಂದೆ ಸಾಮಾನ್ಯವಾಗಿತ್ತು, ಮತ್ತು ಥೈರಾಯ್ಡ್ ಕುಂದಿದಾಗ ಮುಟ್ಟು ಏರುಪೇರಾಗುವುದು, ಸುಸ್ತು, ಮೈ ದಪ್ಪವಾಗುವುದು ಎಲ್ಲವೂ ಈಸ್ಟ್ರೋಜನ್ ತೊಂದರೆಯಂತೆಯೇ ಕಾಣುತ್ತವೆ.

ಎರಡನೆಯ ಹೆಜ್ಜೆ: ಏನು ತಿನ್ನಬೇಕೆಂಬುದಕ್ಕೆ ಮೊದಲು, ಸಾಕಷ್ಟು ತಿನ್ನುತ್ತಿದ್ದೀರಾ ಎಂದು ನೋಡಿ

ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಸಾರು ಮತ್ತು ಅನ್ನದಲ್ಲಿ ಊಟ ಮುಗಿಸುವ ಹೆಂಗಸರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅದರ ಮೇಲೆ ಸೋಮವಾರದ ಒಪ್ಪೊತ್ತು, ಏಕಾದಶಿ, ಸಂಕಷ್ಟಿ. ದುಡಿಮೆಗೆ ತಕ್ಕ ಆಹಾರ ಸಿಗದಿದ್ದಾಗ, ಇದು ಬಸಿರಿಗೆ ತಕ್ಕ ಕಾಲವಲ್ಲವೆಂದು ಮೆದುಳು ಲೆಕ್ಕ ಹಾಕಿ ಅಂಡಾಶಯಕ್ಕೆ ಕಳುಹಿಸುವ ಸೂಚನೆಯನ್ನು ಕುಗ್ಗಿಸುತ್ತದೆ. ಆಗ ಈಸ್ಟ್ರೋಜನ್ ಇಳಿದು, ಮುಟ್ಟು ತಪ್ಪಿ, ಮೂಳೆ ತೆಳುವಾಗುತ್ತದೆ. ತೆಳ್ಳಗಾಗುವ ಹಂಬಲದಲ್ಲಿ ಊಟ ಬಿಟ್ಟು ಓಡುವ ಹುಡುಗಿಯರಲ್ಲಿಯೂ ಇದೇ ಆಗುತ್ತದೆ. ಇಂಥವರಿಗೆ ಯಾವ ಬೇರು, ಯಾವ ಪುಡಿಯೂ ಬೇಡ. ಹೊಟ್ಟೆತುಂಬ ಊಟ, ಅದರಲ್ಲಿ ಒಂದಿಷ್ಟು ತುಪ್ಪ, ಕಾಯಿ, ಎಣ್ಣೆ ಬೇಕು. ಈಸ್ಟ್ರೋಜನ್ ತಯಾರಾಗುವುದು ಕೊಲೆಸ್ಟರಾಲಿನಿಂದ ಎಂಬುದನ್ನು ನೆನಪಿಟ್ಟುಕೊಂಡರೆ, ಜಿಡ್ಡನ್ನು ಪೂರ್ತಿ ಬಿಡುವುದು ಏಕೆ ಜಾಣತನವಲ್ಲ ಎಂಬುದು ತಿಳಿಯುತ್ತದೆ.

ಇನ್ನೊಂದು ತುದಿಯೂ ಇದೆ. ದೇಹದ ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವವು ಪುರುಷ ಹಾರ್ಮೋನುಗಳನ್ನು ಈಸ್ಟ್ರೋನ್ ಎಂಬ ಬಗೆಯ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಮುಟ್ಟು ನಿಂತ ಮೇಲೆ ದೇಹಕ್ಕೆ ದೊರೆಯುವ ಈಸ್ಟ್ರೋಜನ್ ಬಹುಪಾಲು ಹೀಗೆಯೇ ತಯಾರಾದದ್ದು. ಕೊಬ್ಬು ಅತಿಯಾದಾಗ ಈ ಉತ್ಪಾದನೆಯೂ ಅತಿಯಾಗಿ, ಸ್ತನ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಭಾರತೀಯ ಮಹಿಳೆಯರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಎಂಬುದು ಎಚ್ಚರಿಕೆಯ ಗೆರೆ. ಟೈಲರ್ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಅಳೆದುಕೊಂಡರೆ ಸಾಕು. ಪಿಸಿಒಡಿ ಇದ್ದು ತೂಕ ಹೆಚ್ಚಿರುವ ಹುಡುಗಿಯರಲ್ಲಿ ತೂಕದ ನೂರಕ್ಕೆ 5ರಿಂದ 10 ಪಾಲು ಇಳಿದರೂ ಮುಟ್ಟು ತಾನಾಗಿ ಹತೋಟಿಗೆ ಬರುವುದು ಅಪರೂಪವಲ್ಲ.

ಮೂರನೆಯ ಹೆಜ್ಜೆ: ಊಟದ ಎಲೆಯನ್ನು ಮತ್ತೆ ಜೋಡಿಸುವುದು

ಬಳಕೆಯಾದ ಈಸ್ಟ್ರೋಜನ್ ಯಕೃತ್ತಿನಲ್ಲಿ ಬೇರೊಂದು ಅಂಶದೊಡನೆ ಕಟ್ಟುಹಾಕಿಸಿಕೊಂಡು, ಪಿತ್ತರಸದ ಜೊತೆಗೆ ಕರುಳಿಗೆ ಇಳಿಯುತ್ತದೆ. ಅಲ್ಲಿಂದ ಮಲದೊಂದಿಗೆ ಹೊರಹೋಗಬೇಕು. ಆದರೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಆ ಕಟ್ಟನ್ನು ಬಿಚ್ಚುತ್ತವೆ, ಬಿಡುಗಡೆಯಾದ ಹಾರ್ಮೋನು ಮತ್ತೆ ರಕ್ತಕ್ಕೆ ಸೇರುತ್ತದೆ. ಮಲಬದ್ಧತೆಯಿದ್ದು ನಾರು ಕಡಿಮೆಯಿದ್ದರೆ ಈ ಮರುಪ್ರಯಾಣ ಹೆಚ್ಚು. ಆದ್ದರಿಂದ ಈಸ್ಟ್ರೋಜನ್ನಿನ ಹದಕ್ಕಾಗಿ ಅಡುಗೆಮನೆಯಲ್ಲಿ ಮಾಡಬಹುದಾದ ಮೊದಲ ಕೆಲಸವೆಂದರೆ ದಿನಕ್ಕೆ 25ರಿಂದ 30 ಗ್ರಾಂ ನಾರು ಹೊಟ್ಟೆಗೆ ಸೇರುವಂತೆ ನೋಡಿಕೊಳ್ಳುವುದು.

ಮಲೆನಾಡಿನ ಹಳೆಯ ಅಡುಗೆಯಲ್ಲಿ ಇದು ತಾನಾಗಿಯೇ ಸೇರುತ್ತಿತ್ತು. ಬಾಳೆದಿಂಡಿನ ಪಲ್ಯ, ಬಾಳೆಹೂವಿನ ಚಟ್ನಿ, ಎಳೆ ಹಲಸಿನಕಾಯಿಯ ಹುಳಿ, ಬಸಳೆ, ಹರಿವೆ, ಕೆಸುವಿನೆಲೆಯ ಪತ್ರೊಡೆ, ಆಷಾಢದ ಕಳಲೆ ಎಲ್ಲವೂ ನಾರಿನ ಕಣಜಗಳು. (ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸುವ ಅಜ್ಜಿಯರ ಕ್ರಮವನ್ನು ಬಿಡಬೇಡಿ, ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ.) ಈಗ ಎಲೆಯ ಮುಕ್ಕಾಲು ಪಾಲು ಪಾಲಿಶ್ ಅಕ್ಕಿಯ ಅನ್ನ, ಪಕ್ಕದಲ್ಲಿ ಒಂದು ಚಮಚ ಪಲ್ಯ ಎಂಬಂತಾಗಿದೆ. ಅಕ್ಕಿಯನ್ನು ಬಿಡಿ ಎಂದು ಮಲೆನಾಡಿನವರಿಗೆ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅನ್ನವನ್ನು ಅರ್ಧಕ್ಕಿಳಿಸಿ, ಪಲ್ಯವನ್ನು ಒಂದು ದೊಡ್ಡ ಬಟ್ಟಲಿಗೆ ಏರಿಸಿ, ಪ್ರತಿ ಊಟದಲ್ಲಿ ಒಂದು ಕಾಳು ಇರುವಂತೆ ಮಾಡಿದರೆ ಆಯಿತು. ಹುರುಳಿ ಸಾರಿನಲ್ಲಿ ಕಟ್ಟನ್ನು ಮಾತ್ರ ಬಳಸಿ ಕಾಳನ್ನು ಕೊಟ್ಟಿಗೆಗೆ ಹಾಕುವ ಮನೆಗಳಿವೆ. ಕಾಳನ್ನು ಉಸಲಿ ಮಾಡಿ ಮನೆಯವರೇ ತಿನ್ನಬೇಕು. ಬೆಳಗಿನ ಅಕ್ಕಿರೊಟ್ಟಿಗೆ ನುಗ್ಗೆಸೊಪ್ಪು ಅಥವಾ ತುರಿದ ಸೌತೆಕಾಯಿ ಸೇರಿಸುವುದು ಇನ್ನೂ ಸುಲಭ. ಎಲೆಕೋಸು, ನವಿಲುಕೋಸು, ಮೂಲಂಗಿಗಳ ಜಾತಿಯ ತರಕಾರಿಯಲ್ಲಿರುವ ಕೆಲವು ಅಂಶಗಳು ಯಕೃತ್ತು ಈಸ್ಟ್ರೋಜನ್ನನ್ನು ಒಡೆಯುವ ಬಗೆಯ ಮೇಲೆ ಸ್ವಲ್ಪ ಪ್ರಭಾವ ಬೀರುತ್ತವೆ. ವಾರಕ್ಕೆ ಮೂರು ನಾಲ್ಕು ಸಲ ಬೇಯಿಸಿ ತಿಂದರೆ ಸಾಕು, ಅದಕ್ಕೆಂದು ಮಾತ್ರೆ ಬೇಡ.

ಇನ್ನು ಸಸ್ಯಜನ್ಯ ಈಸ್ಟ್ರೋಜನ್ನುಗಳ ವಿಚಾರ. ಸೋಯಾದಲ್ಲಿರುವ ಐಸೋಫ್ಲೇವೋನುಗಳು, ಅಗಸೆ ಮತ್ತು ಎಳ್ಳಿನಲ್ಲಿರುವ ಲಿಗ್ನಾನುಗಳು ನಮ್ಮ ಈಸ್ಟ್ರೋಜನ್ನಿನ ಆಕಾರವನ್ನು ಹೋಲುತ್ತವೆ, ಆದರೆ ಜೀವಕೋಶಗಳಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳ ಮೇಲೆ ತೀರಾ ಮೆಲ್ಲಗೆ ಕೆಲಸ ಮಾಡುತ್ತವೆ. ಅವು ರಕ್ತದಲ್ಲಿನ ಈಸ್ಟ್ರೋಜನ್ನನ್ನು ಹೆಚ್ಚಿಸುವುದಿಲ್ಲ. ಸೋಯಾ ಐಸೋಫ್ಲೇವೋನುಗಳಿಂದ ಕೆಲವರಲ್ಲಿ ಮೈ ಬಿಸಿಯೇರುವುದು ಸ್ವಲ್ಪ ಮಟ್ಟಿಗೆ ತಗ್ಗುತ್ತದೆ, ಅದೂ ಆರರಿಂದ ಹನ್ನೆರಡು ವಾರ ಬಿಡದೆ ತಿಂದ ಮೇಲೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಈಕ್ವಾಲ್ ಎಂಬ ರೂಪಕ್ಕೆ ಬದಲಿಸಬಲ್ಲವರಿಗೆ ಹೆಚ್ಚು ಉಪಯೋಗ; ಆ ಸಾಮರ್ಥ್ಯ ಎಲ್ಲರ ಕರುಳಿಗೂ ಇಲ್ಲ. ಅಕ್ಕನಿಗೆ ಆದ ಗುಣ ತಂಗಿಗೆ ಆಗದಿರುವುದಕ್ಕೆ ಇದೂ ಒಂದು ಕಾರಣ. ಸೋಯಾ ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿ ಪಲ್ಯಕ್ಕೆ ಹಾಕಬಹುದು, ಸೋಯಾ ಹಾಲು ಕುಡಿಯಬಹುದು. ಆಹಾರದ ಪ್ರಮಾಣದಲ್ಲಿ ಸೋಯಾ ತಿನ್ನುವುದರಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಭಯಕ್ಕೆ ಆಧಾರವಿಲ್ಲ. ಸಾರೀಕೃತ ಮಾತ್ರೆಗಳ ಮಾತು ಬೇರೆ, ಅವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಥೈರಾಕ್ಸಿನ್ ಮಾತ್ರೆ ನುಂಗುವವರು ಸೋಯಾ ಮತ್ತು ಕ್ಯಾಲ್ಸಿಯಂ ಎರಡನ್ನೂ ಮಾತ್ರೆಯಿಂದ ನಾಲ್ಕು ಗಂಟೆ ದೂರ ಇಡಬೇಕು.

ಅಗಸೆ ನಮ್ಮ ಕಡೆಯ ಬೆಳೆಯಲ್ಲ. ಅದರ ಚಟ್ನಿಪುಡಿ ಉತ್ತರ ಕರ್ನಾಟಕದಿಂದ ಬಂದು ಈಗ ಶಿವಮೊಗ್ಗದ ಅಂಗಡಿಗಳಲ್ಲಿ ನೆಲೆಯೂರಿದೆ. ಬೀಜವನ್ನು ಇಡಿಯಾಗಿ ನುಂಗಿದರೆ ಹಾಗೆಯೇ ಹೊರಬೀಳುತ್ತದೆ, ಆದ್ದರಿಂದ ಹುರಿದು ಪುಡಿ ಮಾಡಬೇಕು. ಪುಡಿ ಮಾಡಿದ್ದು ಬೇಗ ಕಮಟುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ವಾರಕ್ಕೆ ಬೇಕಾದಷ್ಟನ್ನೇ ಪುಡಿ ಮಾಡಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ದಿನಕ್ಕೆ ಒಂದರಿಂದ ಎರಡು ದೊಡ್ಡ ಚಮಚ ಬಳಸಿ, ಮೇಲಿಂದ ಸಾಕಷ್ಟು ನೀರು ಕುಡಿಯಬೇಕು. ಮಲಬದ್ಧತೆಗೂ ಕೊಲೆಸ್ಟರಾಲಿಗೂ ಇದು ಒಳ್ಳೆಯದು. ಬಿಸಿಯೇರುವುದನ್ನು ನಿಲ್ಲಿಸುತ್ತದೆಂದು ಮಾತ್ರ ನಾನು ಭರವಸೆ ಕೊಡಲಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರಲ್ಲಿ ಕೇಳಿಕೊಳ್ಳಲಿ.

ನಾಲ್ಕನೆಯ ಹೆಜ್ಜೆ: ಮೂಳೆಯ ಲೆಕ್ಕ

ಈಸ್ಟ್ರೋಜನ್ ಇಳಿದ ಮೊದಲ ಐದಾರು ವರ್ಷಗಳಲ್ಲಿ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಋತುಬಂಧವಾದ ಮಹಿಳೆಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಹೇಳಿದೆ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದೆ. ಬಯಲುಸೀಮೆಯವರ ಊಟವೆಂದು ರಾಗಿಯನ್ನು ದೂರವಿಟ್ಟ ಮನೆಗಳಲ್ಲಿ ಬೆಳಗಿಗೆ ಒಂದು ಲೋಟ ಅಂಬಲಿಯಿಂದಾದರೂ ಶುರು ಮಾಡಬಹುದು. ಒಂದು ಲೋಟ ಹಾಲು ಅಥವಾ ಮಜ್ಜಿಗೆಯಾಗದ ಗಟ್ಟಿ ಮೊಸರಿನಿಂದ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಒಂದೆಲಗದ ತಂಬುಳಿಯನ್ನು ನೀರು ಮಜ್ಜಿಗೆಯ ಬದಲು ಮೊಸರಿನಲ್ಲಿ ಮಾಡಿದರೆ ರುಚಿಯೂ ಹೆಚ್ಚು, ಸತ್ವವೂ ಹೆಚ್ಚು.

ಕ್ಯಾಲ್ಸಿಯಂ ಮೈಗೆ ಹಿಡಿಯಲು ಡಿ ಜೀವಸತ್ವ ಬೇಕು, ಅದಕ್ಕೆ ಬಿಸಿಲು ಬೇಕು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖ ಕಂಡರೆ ಭಾಗ್ಯ. ಮಳೆ ಬಿಟ್ಟ ತಿಂಗಳುಗಳಲ್ಲಿ ಅಡಿಕೆ ಹರವುವ ಅಂಗಳದಲ್ಲಿ, ತೋಳು ಮತ್ತು ಕಾಲಿಗೆ ಬಿಸಿಲು ತಾಗುವಂತೆ, ನಡುಹಗಲಿಗೆ ಹತ್ತಿರದ ಹೊತ್ತಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಇರುವುದು ಒಳ್ಳೆಯದು. ಕೊರತೆ ಪರೀಕ್ಷೆಯಲ್ಲಿ ಕಂಡರೆ 60,000 ಯೂನಿಟ್ಟಿನ ಪುಡಿಯನ್ನು ಎಷ್ಟು ವಾರ ಎಂದು ವೈದ್ಯರು ಹೇಳುತ್ತಾರೆ. ಅದನ್ನು ತಾವೇ ತಿಂಗಳುಗಟ್ಟಲೆ ಮುಂದುವರಿಸುವುದು ಅಪಾಯ.

ಐದನೆಯ ಹೆಜ್ಜೆ: ಭಾರ ಹೊರುವ ವ್ಯಾಯಾಮ

ವಾರಕ್ಕೆ 150 ನಿಮಿಷಗಳ ಚುರುಕಿನ ನಡಿಗೆ, ಎರಡು ದಿನ ಸ್ನಾಯುಗಳಿಗೆ ಕೆಲಸ. ಇದು ಕೊಬ್ಬನ್ನು ತಗ್ಗಿಸಿ, ಮೂಳೆಗೆ ಬಲ ಕೊಟ್ಟು, ನಿದ್ರೆಯನ್ನೂ ತರುತ್ತದೆ. "ಮನೆಕೆಲಸವೇ ಸಾಕಷ್ಟಿದೆ" ಎಂಬ ಉತ್ತರ ನನಗೆ ಗೊತ್ತು. ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುತ್ತಿದ್ದ ಕಾಲಕ್ಕೆ ಅದು ನಿಜವಾಗಿತ್ತು. ಮೆಟ್ಟುಗತ್ತಿಯ ಮುಂದೆ ಐದು ಗಂಟೆ ಕುಳಿತು ಅಡಿಕೆ ಸುಲಿಯುವುದರಿಂದ ಬೆನ್ನು ನೋಯುತ್ತದೆಯೇ ಹೊರತು ತೊಡೆಯ ಮೂಳೆ ಗಟ್ಟಿಯಾಗುವುದಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ನೀರು ತುಂಬಿದ ಎರಡು ಬಾಟಲಿಗಳನ್ನು ಎತ್ತಿಳಿಸುವುದು, ಮೆಟ್ಟಿಲು ಹತ್ತುವುದು ಇವುಗಳನ್ನು ಒಂದೊಂದು ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು.

ನಡಿಗೆಗೆ ಜಾಗವನ್ನು ನಮ್ಮ ಋತುಮಾನ ನೋಡಿ ಆರಿಸಬೇಕು. ಮಳೆಗಾಲದಲ್ಲಿ ಇಂಬಳಗಳ ಕಾಟ, ಜಗಲಿಯಲ್ಲೇ ಸುತ್ತು ಹಾಕಿದರಾಯಿತು. ಡಿಸೆಂಬರಿನಿಂದ ಮೇ ತನಕ ಕಾಡಿನ ದಾರಿ ಬೇಡವೇ ಬೇಡ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುವುದು ಈ ತಿಂಗಳುಗಳಲ್ಲಿಯೇ. ಊರಿನ ರಸ್ತೆಯಲ್ಲಿ ನಡೆಯಿರಿ.

ಆರನೆಯ ಹೆಜ್ಜೆ: ನಿದ್ರೆ

ಏಳು ಗಂಟೆಯ ನಿದ್ರೆ ಕೆಟ್ಟರೆ, ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರಿ, ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆಗಳು ಏರುಪೇರಾಗುತ್ತವೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ನಡುರಾತ್ರಿಯ ತನಕ ಸುಲಿತ, ಬೆಳಿಗ್ಗೆ ಐದಕ್ಕೆ ಕೊಟ್ಟಿಗೆ. ಇದನ್ನು ಪೂರ್ತಿ ತಪ್ಪಿಸಲಾಗದಿದ್ದರೂ, ಸುಲಿತದ ಸರದಿಯನ್ನು ಮನೆಯ ಗಂಡಸರೊಡನೆ ಹಂಚಿಕೊಂಡು ಹತ್ತೂವರೆಗೆ ಮುಗಿಸುವುದು ಸಾಧ್ಯ. ಮೈ ಬಿಸಿಯೇರುವವರು ಸಂಜೆಯ ಮೇಲೆ ಕಾಫಿಯನ್ನು ಬಿಡುವುದು, ಮಲಗುವ ಮುನ್ನ ಹಂಡೆಯ ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುವುದು, ದಪ್ಪ ಕಂಬಳಿಯ ಬದಲು ತೆಳು ಹೊದಿಕೆಗಳನ್ನು ಒಂದರ ಮೇಲೊಂದು ಹೊದೆಯುವುದು ಉಪಯುಕ್ತ.

ಏಳನೆಯ ಹೆಜ್ಜೆ: ಬಿಡಬೇಕಾದವು

ಮದ್ಯ ರಕ್ತದ ಈಸ್ಟ್ರೋಜನ್ನನ್ನು ಏರಿಸುತ್ತದೆ, ಸ್ತನ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ. ಧೂಮಪಾನ ಋತುಬಂಧವನ್ನು ಒಂದೆರಡು ವರ್ಷ ಮುಂಚಿತವಾಗಿ ತರುತ್ತದೆ. ಎಲೆಅಡಿಕೆಯ ಮಾತು ಅಡಿಕೆ ಬೆಳೆಯುವ ನಾಡಿನಲ್ಲಿ ಕಹಿಯೆನಿಸಬಹುದು. ಈಸ್ಟ್ರೋಜನ್ನಿಗೂ ಅದಕ್ಕೂ ನೇರ ಸಂಬಂಧವನ್ನು ನಾನು ಹೇಳುತ್ತಿಲ್ಲ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಬಿಸಿ ಸಾರು, ಹಾಲುಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ. ಕೆಲವು ಪ್ಲಾಸ್ಟಿಕ್ಕುಗಳಲ್ಲಿರುವ ಬಿಸ್ಫಿನಾಲ್ ಎ ಈಸ್ಟ್ರೋಜನ್ನನ್ನು ಅನುಕರಿಸುತ್ತದೆ. ಸ್ಟೀಲ್ ಪಾತ್ರೆಯಂತೂ ಎಲ್ಲರ ಮನೆಯಲ್ಲೂ ಇದೆ.

ಎಂಟನೆಯ ಹೆಜ್ಜೆ: ಬೇರು ತೊಗಟೆಗಳ ವಿಷಯದಲ್ಲಿ ಎಚ್ಚರ

ಹಲವು ಮಕ್ಕಳ ತಾಯಿ ಬೇರು ಎಂದು ನಾವು ಕರೆಯುವ ಶತಾವರಿಯನ್ನೂ ಅಶೋಕದ ತೊಗಟೆಯನ್ನೂ ಆಯುರ್ವೇದ ತಲೆಮಾರುಗಳಿಂದ ಬಳಸಿದೆ. ಅವು ಈಸ್ಟ್ರೋಜನ್ನನ್ನು ಹದಕ್ಕೆ ತರುತ್ತವೆಂದು ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳಿಂದ ಸಿದ್ಧವಾಗಿಲ್ಲ. ಇನ್ನೊಂದು ತೊಡಕೆಂದರೆ ಕಲಬೆರಕೆ: ಪೇಟೆಯ ರಸ್ತೆಬದಿಯಲ್ಲಿ ಕಂಬದಂತೆ ನೆಟ್ಟಗೆ ನಿಂತ ಮರ ನಿಜವಾದ ಅಶೋಕವಲ್ಲ, ಆದರೆ ಅದರ ತೊಗಟೆ ಅಶೋಕವೆಂದು ಮಾರಾಟವಾಗುತ್ತದೆ. ಘಟ್ಟದ ನಿಜವಾದ ಅಶೋಕ ತೊಗಟೆಗಾಗಿ ಸುಲಿಸಿಕೊಂಡು ಸುಲಿಸಿಕೊಂಡೇ ವಿರಳವಾಗಿದೆ. ತೆಗೆದುಕೊಳ್ಳುವುದೇ ಆದರೆ ಅರ್ಹ ಆಯುರ್ವೇದ ವೈದ್ಯರ ಮೂಲಕ, ಬೇರೆ ಮಾತ್ರೆಗಳ ಪಟ್ಟಿಯನ್ನು ಅವರ ಮುಂದಿಟ್ಟು ತೆಗೆದುಕೊಳ್ಳಿ. ಸ್ತನ ಕ್ಯಾನ್ಸರ್ ಆದವರು ತಾವಾಗಿ ಪ್ರಯೋಗ ಮಾಡಲೇಬಾರದು.

ಒಂಬತ್ತನೆಯ ಹೆಜ್ಜೆ: ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಮೇಲಿನ ಕ್ರಮಗಳನ್ನು ಹನ್ನೆರಡು ವಾರ ನಡೆಸಿ, ಕ್ಯಾಲೆಂಡರಿನ ಗುರುತುಗಳನ್ನು ಹೋಲಿಸಿ ನೋಡಿ. ಆದರೆ ಕೆಲವು ಸಂದರ್ಭಗಳಲ್ಲಿ ಹನ್ನೆರಡು ವಾರ ಕಾಯುವಂತಿಲ್ಲ. 40ಕ್ಕೆ ಮೊದಲೇ ಮುಟ್ಟು ನಿಂತರೆ ಅಲ್ಲಿ ಊಟ ವ್ಯಾಯಾಮ ಸಾಲುವುದಿಲ್ಲ. ಮೂಳೆ ಮತ್ತು ಹೃದಯಕ್ಕಾಗಿ ಸಾಮಾನ್ಯವಾಗಿ ಋತುಬಂಧದ ಸಹಜ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ (ಕೊರತೆಯಾದ ಈಸ್ಟ್ರೋಜನ್ನನ್ನು ಔಷಧಿಯಾಗಿ ಕೊಡುವುದು) ಬೇಕಾಗುತ್ತದೆ. ಹುಡುಗಿಯರಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಮುಟ್ಟು ಬಾರದಿದ್ದರೆ, ಗಂಟೆಗೊಂದು ಪ್ಯಾಡ್ ತೋಯುವಷ್ಟು ಸ್ರಾವವಿದ್ದರೆ, ಸ್ತನದಲ್ಲಿ ಗಂಟು ಸಿಕ್ಕರೆ ಕೂಡಲೇ ತೋರಿಸಬೇಕು.

ಹಾರ್ಮೋನ್ ಚಿಕಿತ್ಸೆ ಎಂದೊಡನೆ ಬೆಚ್ಚುವವರು ಬಹಳ. ಈ ಚಿಕಿತ್ಸೆಯಿಂದ ಅಪಾಯವಿದೆಯೆಂದು ಅಮೆರಿಕದ ದೊಡ್ಡ ಅಧ್ಯಯನವೊಂದು 2002ರಲ್ಲಿ ಹೇಳಿದಾಗ ಹುಟ್ಟಿದ ಭಯ ಅದು. ಅದರಲ್ಲಿ ಭಾಗವಹಿಸಿದ್ದವರ ಸರಾಸರಿ ವಯಸ್ಸು 63. ಅರುವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ, ತೊಂದರೆ ತೀವ್ರವಾಗಿದ್ದು ಉಳಿದಂತೆ ಆರೋಗ್ಯವಾಗಿರುವ ಬಹುತೇಕ ಮಹಿಳೆಯರಿಗೆ ಇದರಿಂದ ಅಪಾಯಕ್ಕಿಂತ ಲಾಭವೇ ಹೆಚ್ಚೆಂಬುದು ಇಂದಿನ ತಜ್ಞರ ಅಭಿಪ್ರಾಯ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಆಗಿದ್ದವರಿಗೆ ಇದು ಸಲ್ಲದು. ಒಣಗುವಿಕೆ ಮತ್ತು ಮೂತ್ರದ ಉರಿಗೆ ಮಾತ್ರವಾದರೆ ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ. ನಾಚಿಕೆಯಿಂದ ಕೇಳದೆ ವರ್ಷಗಟ್ಟಲೆ ಉರಿ ಸಹಿಸುವವರನ್ನು ಕಂಡಾಗ ನನಗೆ ಬಹಳ ಬೇಸರವಾಗುತ್ತದೆ.

ಊರಿನ ಆಶಾ ಕಾರ್ಯಕರ್ತೆಯರ ಬಳಿ ಹೇಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ತೋರಿಸುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಹೋಗುವಾಗ ಆ ಕ್ಯಾಲೆಂಡರಿನ ಹಾಳೆಗಳನ್ನು, ನುಂಗುತ್ತಿರುವ ಎಲ್ಲ ಮಾತ್ರೆ ಮತ್ತು ಪುಡಿಗಳ ಡಬ್ಬಿಗಳನ್ನು ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ನೋವಿಲ್ಲದಿದ್ದರೂ, ಕೊಯ್ಲು ಮುಗಿಯಲಿ ಎಂದು ಕಾಯದೆ ಅದೇ ವಾರ ಹೋಗಿ ತೋರಿಸಿ.